ಇಂಗ್ಲಿಷರು ಬೇರೆ ಭಾಷೆ ಯಾಕೆ ಕಲಿಯಲ್ಲ?

ಯುರೋಪಿನ ನಾಲ್ಕಾರು ದೇಶದವರು ಒಂದೇ ಮೇಜಿನ ಸುತ್ತ ಊಟಕ್ಕೆ ಕೂತರೆ ಹಣೆಪಟ್ಟಿಗಳ ಮಾತು ಬಂದೇ ಬರುತ್ತದೆ. ಜರ್ಮನ್ನರು ಗಡಿಯಾರ ನೋಡಿಕೊಂಡೇ ಬದುಕುತ್ತಾರಂತೆ. ಇಟಲಿಯವರಿಗೆ ಕೈ ಆಡಿಸದೆ ಮಾತೇ ಹೊರಡಲ್ಲವಂತೆ. ಫ್ರೆಂಚರಿಗೆ ಜಂಬ ಜಾಸ್ತಿಯಂತೆ. ಕೊನೆಗೆ ಎಲ್ಲರೂ ಒಪ್ಪುವ ಮಾತು ಒಂದಿರುತ್ತದೆ: ಇಂಗ್ಲಿಷರಿಗೆ ಬೇರೆ ಭಾಷೆ ತಲೆಗೆ ಹತ್ತಲ್ಲ. ಅಲ್ಲೇ ಕೂತ ಇಂಗ್ಲಿಷನೂ ನಕ್ಕು ಹೌದೌದು ಅನ್ನುತ್ತಾನೆ.

ನಾನು ಇಂಗ್ಲೆಂಡಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಈ ಮಾತನ್ನು ಕೇಳಿದಷ್ಟೂ ಒಪ್ಪುವುದು ಕಷ್ಟವಾಗುತ್ತಿದೆ. ಇಂಗ್ಲಿಷರು ಬೇರೆ ಭಾಷೆ ಕಲಿಯುವುದು ಕಡಿಮೆ, ನಿಜ. ಅದು ಅವರ ಹುಟ್ಟುಗುಣ ಅನ್ನುವುದು ಮಾತ್ರ ಸುಳ್ಳು.

ಮೊದಲು ಅಂಕಿಗಳನ್ನೇ ನೋಡೋಣ. 2012ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ದೊಡ್ಡ ಸಮೀಕ್ಷೆ ಮಾಡಿಸಿತ್ತು. ಆಗ ಬ್ರಿಟನ್ ಕೂಡ ಒಕ್ಕೂಟದಲ್ಲಿತ್ತು. ತಾಯ್ನುಡಿ ಬಿಟ್ಟು ಇನ್ನೊಂದು ಭಾಷೆಯಲ್ಲಿ ಮಾತುಕತೆ ನಡೆಸುವಷ್ಟು ಬರುತ್ತದಾ ಅಂತ ಜನರನ್ನು ಕೇಳಿದ್ದರು. ಬ್ರಿಟನ್ನಿನಲ್ಲಿ ಬರುತ್ತದೆ ಅಂದವರು ಶೇ. 39. ನೆದರ್ಲೆಂಡ್ಸ್‌ನಲ್ಲಿ ಶೇ. 94. ಇಷ್ಟೇ ಓದಿದರೆ ಹಣೆಪಟ್ಟಿ ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಇಟಲಿ ಶೇ. 38, ಹಂಗೇರಿ ಶೇ. 35. ಎರಡೂ ಬ್ರಿಟನ್ನಿಗಿಂತ ಕೆಳಗೆ. ಇಟಲಿಯವರಿಗೆ ಭಾಷೆ ಬರಲ್ಲ ಅಂತ ಯಾರಾದರೂ ಆಡಿಕೊಂಡದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅವರಿಗೆ ಬೇರೆಯದೇ ಹಣೆಪಟ್ಟಿ ಹಚ್ಚಿಯಾಗಿದೆ. ಹಾಗಾಗಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಶಾಲೆಯ ಕಥೆ. ಇಂಗ್ಲೆಂಡಿನಲ್ಲಿ 14ರಿಂದ 16 ವರ್ಷದ ಮಕ್ಕಳು ಒಂದು ವಿದೇಶಿ ಭಾಷೆ ಕಲಿಯಲೇಬೇಕು ಅನ್ನುವ ನಿಯಮವಿತ್ತು. 2004ರಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು. ಬೇಕಿದ್ದವರು ಕಲಿಯಲಿ, ಬೇಡದವರು ಬಿಡಲಿ ಅಂದಿತು. ಜಿಸಿಎಸ್‌ಇ ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಮಟ್ಟದ ಪರೀಕ್ಷೆ. 2002ರಲ್ಲಿ ಅದರಲ್ಲಿ ಒಂದು ಭಾಷೆಯನ್ನಾದರೂ ತೆಗೆದುಕೊಂಡ ಮಕ್ಕಳು ನೂರಕ್ಕೆ 76. ನಿಯಮ ಹೋಗುತ್ತದೆ ಅನ್ನುವ ಸುದ್ದಿ ಬಂದಾಗಿನಿಂದಲೇ ಇಳಿಕೆ ಶುರುವಾಯಿತು. 2011ರ ಹೊತ್ತಿಗೆ ಅದು ನೂರಕ್ಕೆ 40. ಒಂಬತ್ತು ವರ್ಷದಲ್ಲಿ ಒಂದು ಜನಾಂಗದ ಸ್ವಭಾವ ಇಷ್ಟು ಬದಲಾಗುತ್ತದಾ? ಬದಲಾದದ್ದು ನಿಯಮ.

ಅದರ ಮೇಲೆ ಅಂಕದ ಸಮಸ್ಯೆ. ಫ್ರೆಂಚ್, ಜರ್ಮನ್‌ನಲ್ಲಿ ಒಳ್ಳೆಯ ಗ್ರೇಡ್ ಬರುವುದು ಬೇರೆ ವಿಷಯಗಳಿಗಿಂತ ಕಷ್ಟ ಅಂತ ಮೇಷ್ಟ್ರುಗಳು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. 2019ರಲ್ಲಿ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಕೂಡ ಅದನ್ನು ಒಪ್ಪಿ, ಈ ಎರಡು ಭಾಷೆಗಳ ಜಿಸಿಎಸ್‌ಇ ಗ್ರೇಡಿಂಗ್ ಸರಿಪಡಿಸಲು ತೀರ್ಮಾನಿಸಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಲೆಕ್ಕ ಹಾಕಿ ಬೇರೆ ವಿಷಯಕ್ಕೆ ಹೋಗಿಯಾಗಿತ್ತು. ಇವತ್ತು ಎ ಲೆವೆಲ್‌ಗೆ, ಅಂದರೆ ನಮ್ಮ ಪಿಯುಸಿ ಮಟ್ಟಕ್ಕೆ, ಜರ್ಮನ್ ತೆಗೆದುಕೊಳ್ಳುವವರು ವರ್ಷಕ್ಕೆ 3,000 ಜನವೂ ಇಲ್ಲ. ಮುಂದೆ ಜರ್ಮನ್ ಕಲಿಸುವ ಟೀಚರುಗಳು ಎಲ್ಲಿಂದ ಬರಬೇಕು ಹೇಳಿ.

ನಮ್ಮ ಪಕ್ಕದ ಮನೆಯ ಹುಡುಗ ಫ್ರೆಂಚ್ ಮೌಖಿಕ ಪರೀಕ್ಷೆಗೆ ಓದುತ್ತಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ. ಕೈಯಲ್ಲಿ ಗುಲಾಬಿ ಬಣ್ಣದ ಕಾರ್ಡುಗಳು. ಒಂದರಲ್ಲಿ ನನ್ನ ಮನೆಯವರು, ಇನ್ನೊಂದರಲ್ಲಿ ನನ್ನ ಹವ್ಯಾಸ, ಮತ್ತೊಂದರಲ್ಲಿ ಕಳೆದ ರಜೆ. ಒಂದೊಂದಕ್ಕೂ ಐದಾರು ವಾಕ್ಯ. ಗಾರ್ಡನ್ನಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದ. ಕಷ್ಟಪಟ್ಟೇ ಓದಿದ, ಒಳ್ಳೆಯ ಗ್ರೇಡೂ ಬಂತು. ಆದರೆ ಪರೀಕ್ಷೆ ಮುಗಿದ ಮೇಲೆ ಆ ವಾಕ್ಯಗಳನ್ನು ಅವನು ಯಾರ ಹತ್ತಿರ ಆಡಬೇಕು? ಅವನ ಬೀದಿಯಲ್ಲಿ ಫ್ರೆಂಚ್ ಇಲ್ಲ. ಟಿವಿಯಲ್ಲಿ ಇಲ್ಲ. ಅವನು ಕೇಳುವ ಹಾಡಿನಲ್ಲಿ, ಆಡುವ ವಿಡಿಯೊ ಗೇಮಿನಲ್ಲಿ ಇಲ್ಲ. ಅದೇ ನೆದರ್ಲೆಂಡ್ಸ್‌ನ ಹುಡುಗ ಇಂಗ್ಲಿಷ್ ಸಿನಿಮಾವನ್ನು ಇಂಗ್ಲಿಷಿನಲ್ಲೇ ಕೇಳುತ್ತ, ಕೆಳಗೆ ಡಚ್ ಅಕ್ಷರ ಓದುತ್ತ ಬೆಳೆಯುತ್ತಾನೆ. ಶಾಲೆಯ ಪಾಠಕ್ಕಿಂತ ಹೆಚ್ಚು ಇಂಗ್ಲಿಷ್ ಅವನ ಕಿವಿಗೆ ಮನೆಯಲ್ಲೇ ಬೀಳುತ್ತದೆ. ಅವನು ಜಾಣ, ಇವನು ದಡ್ಡ ಅನ್ನುವುದು ಅನ್ಯಾಯ.

ಇನ್ನೊಂದು ವಿಷಯ ಇದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಡಚ್ ಹುಡುಗನಿಗೆ ಯಾವ ಭಾಷೆ ಕಲಿಯಬೇಕು ಅನ್ನುವ ಯೋಚನೆಯೇ ಇಲ್ಲ, ಇಂಗ್ಲಿಷ್ ಅಂತ ಮೊದಲೇ ಗೊತ್ತು. ಇಂಗ್ಲಿಷ್ ಹುಡುಗ ಯಾವುದನ್ನು ಆರಿಸಬೇಕು? ಶಾಲೆಯಲ್ಲಿ ಕಲಿಸುವುದು ಫ್ರೆಂಚ್. ಮನೆಯವರು ರಜೆಗೆ ಹೋಗುವುದು ಸ್ಪೇನಿಗೆ. ಕೆಲಸಕ್ಕೆ ಚೀನೀ ಭಾಷೆ ಒಳ್ಳೆಯದು ಅಂತ ಒಬ್ಬರು, ಅರಬ್ಬಿ ಒಳ್ಳೆಯದು ಅಂತ ಇನ್ನೊಬ್ಬರು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷ್ ಬಿಟ್ಟರೆ ಅತಿ ಹೆಚ್ಚು ಜನರ ಮುಖ್ಯ ಭಾಷೆ ಪೋಲಿಷ್, ಆಮೇಲೆ ರೊಮೇನಿಯನ್, ಪಂಜಾಬಿ, ಉರ್ದು. ಈ ನಾಲ್ಕರಲ್ಲಿ ಯಾವುದನ್ನೂ ಮಾಮೂಲಿ ಇಂಗ್ಲಿಷ್ ಮನೆಯ ಮಗು ಕಲಿಯುವ ರೂಢಿಯಿಲ್ಲ. ಕಲಿ ಕಲಿ ಅನ್ನುವವರಿದ್ದಾರೆ, ಯಾವುದನ್ನು ಕಲಿಯಲಿ ಅಂದರೆ ಉತ್ತರ ಹೇಳುವವರಿಲ್ಲ.

ಕಷ್ಟಪಟ್ಟು ಕಲಿತರೂ ಆಡಲು ಬಿಡಬೇಕಲ್ಲ. ಲಿಯಾನ್‌ನ ಒಂದು ಹೋಟೆಲಿನ ಕೌಂಟರಿನಲ್ಲಿ ನನ್ನ ಮುಂದೆ ವಯಸ್ಸಾದ ಇಂಗ್ಲಿಷ್ ದಂಪತಿ ನಿಂತಿದ್ದರು. ಆಕೆ ಚಿಕ್ಕ ನೋಟ್‌ಬುಕ್ ಹಿಡಿದುಕೊಂಡು ನಿಧಾನಕ್ಕೆ ಫ್ರೆಂಚಿನಲ್ಲಿ ಕೇಳಿದರು: ಬೆಳಗಿನ ತಿಂಡಿ ಎಷ್ಟು ಗಂಟೆಗೆ, ಕಾರು ಎಲ್ಲಿ ನಿಲ್ಲಿಸಬಹುದು. ಕೌಂಟರಿನ ಹುಡುಗಿ ಚೆಂದದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಆಕೆ ಬಿಡದೆ ಮತ್ತೆ ಫ್ರೆಂಚಿನಲ್ಲಿ ಕೇಳಿದರು. ಮತ್ತೆ ಇಂಗ್ಲಿಷಿನಲ್ಲೇ ಉತ್ತರ. ಹುಡುಗಿಯದು ಒಳ್ಳೆಯ ಮನಸ್ಸೇ, ಬಂದವರಿಗೆ ಕಷ್ಟ ಆಗಬಾರದು ಅಂತ. ಹಿಂದೆ ಕ್ಯೂ ಬೇರೆ ಬೆಳೆಯುತ್ತಿತ್ತು. ಕೊನೆಗೆ ಆಕೆ ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಇಂಗ್ಲಿಷಿಗೆ ಬಂದರು. ಇವರನ್ನು ಸೋಮಾರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲಿಷರಿಗೆ ಭಾಷೆ ಬರಲ್ಲ ಅನ್ನುವವರು ಕನ್ನಡಿಗರಾಗಿದ್ದರೆ ನನಗೆ ಇನ್ನೂ ಆಶ್ಚರ್ಯ. ನಮ್ಮ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ. ಕಿಟ್ಟೆಲ್, ಮೋಗ್ಲಿಂಗ್ ಜರ್ಮನ್ನರು, ಅವರನ್ನು ಸದ್ಯಕ್ಕೆ ಬಿಡಿ. ಜಾನ್ ಫೇತ್‌ಫುಲ್ ಫ್ಲೀಟ್ ಇಂಗ್ಲಿಷ್ ಅಧಿಕಾರಿ. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತ ಹಳಗನ್ನಡ ಶಾಸನಗಳನ್ನು ಓದಿದ. ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಜನರ ಬಾಯಿಂದ ಕೇಳಿ ಅಚ್ಚು ಹಾಕಿಸಿದ. ಅವು ತನ್ನದೇ ಸರ್ಕಾರದ ವಿರುದ್ಧ ಎದ್ದವರ ಹಾಡುಗಳು, ನೋಡಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಂದರು. ಈ ಇಬ್ಬರದು ಪ್ರೀತಿ. ಎಲ್ಲ ಅಧಿಕಾರಿಗಳಿಗೂ ಅಂಥ ಪ್ರೀತಿ ಇತ್ತು ಅಂತ ನಾನು ಹೇಳುತ್ತಿಲ್ಲ. ಈಸ್ಟ್ ಇಂಡಿಯಾ ಕಂಪನಿ 1800ರಲ್ಲಿ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದದ್ದು, 1812ರಲ್ಲಿ ಮದ್ರಾಸಿನಲ್ಲಿ ಇನ್ನೊಂದು ತೆರೆದದ್ದು ತನ್ನ ಹುಡುಗರಿಗೆ ಇಲ್ಲಿನ ಭಾಷೆ ಕಲಿಸಲು. ಕಲಿಯದಿದ್ದರೆ ಕಂದಾಯ ವಸೂಲಿ ಆಗುತ್ತಿರಲಿಲ್ಲ, ಕೋರ್ಟು ನಡೆಯುತ್ತಿರಲಿಲ್ಲ. ಕೆಲಸ ಭಾಷೆಯನ್ನು ಬೇಡುತ್ತಿತ್ತು. ಹಾಗಾಗಿ ಅದೇ ಇಂಗ್ಲಿಷರು ಕಲಿತರು.

ಇಷ್ಟು ಹೇಳಿದ ಮೇಲೆ ನಮ್ಮವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ಭಾರತೀಯರಿಗೆ ನಾಲ್ಕು ಭಾಷೆ ಹುಟ್ಟಿನಿಂದಲೇ ಬರುತ್ತದೆ. ಇದೂ ಒಂದು ಹಣೆಪಟ್ಟಿಯೇ. ನಮಗೆ ಹಿತವಾಗಿದೆ ಅಂತ ಇಟ್ಟುಕೊಂಡಿದ್ದೇವೆ. ಮಂಗಳೂರಿನಲ್ಲಿ ಮನೆಯಲ್ಲಿ ಕೊಂಕಣಿ, ಪಕ್ಕದವರ ಜೊತೆ ತುಳು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದ ಮಕ್ಕಳಿದ್ದಾರೆ, ನಿಜ. ಆದರೆ 2011ರ ಜನಗಣತಿಯಲ್ಲಿ ಎರಡು ಭಾಷೆ ಬರುತ್ತದೆ ಅಂತ ಬರೆಸಿದವರು ದೇಶದಲ್ಲಿ ಶೇ. 26 ಮಾತ್ರ. ಮೂರು ಬರುವವರು ಶೇ. 7ರಷ್ಟು. ಜನಗಣತಿ ಕೇಳುವ ರೀತಿ ಬೇರೆ, ಹಾಗಾಗಿ ಯುರೋಪಿನ ಅಂಕಿಯ ಪಕ್ಕದಲ್ಲಿ ಇದನ್ನು ನೇರವಾಗಿ ಇಡುವುದು ಸರಿಯಲ್ಲ. ಆದರೂ ಒಂದು ಸಂಗತಿ ಗಮನಿಸಬೇಕು. ಹಿಂದಿ ತಾಯ್ನುಡಿಯವರಲ್ಲಿ ಎರಡನೆಯ ಭಾಷೆ ಬರುವವರ ಪ್ರಮಾಣ ದೇಶದ ಸರಾಸರಿಗಿಂತ ಎಷ್ಟೋ ಕಡಿಮೆ. ಅವರ ಭಾಷೆ ದೊಡ್ಡದು, ಅದೊಂದರಲ್ಲೇ ಬಹುಪಾಲು ಕೆಲಸ ಆಗುತ್ತದೆ. ಇಂಗ್ಲಿಷರ ಕಥೆಯೂ ಇದೇ ಅಲ್ವಾ?

ಬೆಂಗಳೂರಿನ ಜಗಳಕ್ಕೆ ಬರೋಣ. ಹೊರಗಿನಿಂದ ಬಂದವರು ಹತ್ತು ವರ್ಷ ಇದ್ದರೂ ಕನ್ನಡ ಕಲಿಯಲ್ಲ, ಅವರಿಗೆ ಸೊಕ್ಕು ಅಂತ ನಾವು ಹೇಳುತ್ತೇವೆ. ಕೆಲವರಿಗೆ ಸೊಕ್ಕು ಇದೆ. ನಾನೂ ನೋಡಿದ್ದೇನೆ, ಸಿಟ್ಟೂ ಬರುತ್ತದೆ. ಆದರೆ ಕೋರಮಂಗಲದ ಅಂಗಡಿಯಲ್ಲಿ ಹೊಸಬನೊಬ್ಬ ತಡವರಿಸುತ್ತ ‘ಎಷ್ಟು ಆಯ್ತು’ ಅಂತ ಕೇಳಿದರೆ ನಮ್ಮವರು ಏನು ಹೇಳುತ್ತಾರೆ? ‘ಸಾಠ್ ರೂಪಾಯಿ.’ ಅಲ್ಲಿಗೆ ಅವನ ಕನ್ನಡದ ಪಾಠ ಮುಗಿಯಿತು. ಕನ್ನಡಿಗರು ಅಡ್ಜಸ್ಟ್ ಮಾಡಿಕೊಳ್ಳುವ ಜನ ಅಂತ ನಮಗೆ ನಾವೇ ಹಚ್ಚಿಕೊಂಡ ಹಣೆಪಟ್ಟಿ ಇಲ್ಲಿ ನಮಗೇ ಕೆಟ್ಟದ್ದು ಮಾಡುತ್ತಿದೆ. ಸ್ವಭಾವ ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡಿ. ಇಂಗ್ಲಿಷನೂ ತನ್ನ ಸ್ವಭಾವ ಹೇಳಿ ಹೀಗೇ ಸುಮ್ನೆ ಕೂರುತ್ತಾನೆ.

ಮಾಡಲು ಸಾಧ್ಯ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ನನ್ನ ಊರಿನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಹೊರಟರೆ ವೇಲ್ಸ್ ಗಡಿ ದಾಟಿದ ಕೂಡಲೇ ರಸ್ತೆಯ ಬೋರ್ಡುಗಳು ಎರಡು ಭಾಷೆಗೆ ತಿರುಗುತ್ತವೆ. ‘ನಿಧಾನ’ ಅನ್ನುವುದನ್ನೂ ಡಾಂಬರಿನ ಮೇಲೆ ಎರಡು ಭಾಷೆಯಲ್ಲಿ ಬರೆದಿರುತ್ತಾರೆ. ಇದೇ ವೇಲ್ಸ್‌ನ ಶಾಲೆಗಳಲ್ಲಿ 19ನೇ ಶತಮಾನದಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಕನ್ನಡ ಆಡಿದರೆ ದಂಡ ಹಾಕುವ ನಮ್ಮ ಕೆಲವು ಇಂಗ್ಲಿಷ್ ಮೀಡಿಯಂ ಶಾಲೆಗಳು ನೆನಪಾಗುತ್ತವೆ. ವೇಲ್ಸ್‌ನವರು ದಶಕಗಟ್ಟಲೆ ಹೋರಾಡಿದರು. 1982ರಲ್ಲಿ ವೆಲ್ಷ್ ಭಾಷೆಯ ಟಿವಿ ಚಾನೆಲ್ ಬಂತು. 1993ರಲ್ಲಿ ಭಾಷಾ ಕಾಯ್ದೆ ಬಂತು. ಈಗ ಅಲ್ಲಿ 16 ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಬೇಕು, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡುವವರೂ ಸಹ. ಗೆದ್ದುಬಿಟ್ಟರು ಅಂತಲ್ಲ. 2021ರಲ್ಲಿ ವೆಲ್ಷ್ ಬರುತ್ತದೆ ಅಂದವರು ಶೇ. 17.8, ಹಿಂದಿನ ಗಣತಿಗಿಂತ ಕಡಿಮೆಯೇ. ಆದರೂ 2050ಕ್ಕೆ ಹತ್ತು ಲಕ್ಷ ಜನ ವೆಲ್ಷ್ ಆಡುವಂತಾಗಬೇಕು ಅನ್ನುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. ಭಾಷೆಯ ಅಗತ್ಯವನ್ನು ಹೀಗೆ ಕೂತು ಕಟ್ಟಬಹುದು. ನಮ್ಮಲ್ಲೂ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ. ಕಾಯ್ದೆಯ ಜೊತೆಗೆ ಅಂಗಡಿ, ಆಸ್ಪತ್ರೆ, ಆಫೀಸಿನಲ್ಲೂ ಕನ್ನಡ ಬೇಕಾಗುವಂತೆ ಮಾಡುವ ಕೆಲಸ ಬಾಕಿ ಇದೆ.

ಇಂಗ್ಲೆಂಡಿನಲ್ಲಿ ಹುಟ್ಟಿದ ನಮ್ಮ ಕನ್ನಡಿಗರ ಮಕ್ಕಳೇ ಈಗ ಇಂಗ್ಲಿಷ್ ತಾಯ್ನುಡಿಯವರ ಸಾಲಿಗೆ ಸೇರುತ್ತಿದ್ದಾರೆ. ಅಜ್ಜಿಯ ಜೊತೆ ಫೋನಿನಲ್ಲಿ ‘ಊಟ ಆಯ್ತಾ’ ಅನ್ನುವಷ್ಟಕ್ಕೆ ಕನ್ನಡ ನಿಲ್ಲುತ್ತಿದೆ. ರಕ್ತದಲ್ಲೇ ನಾಲ್ಕು ಭಾಷೆ ಇದ್ದಿದ್ದರೆ ಇವರಿಗೂ ಬರಬೇಕಿತ್ತಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಸುಮಾರು ಐದರಲ್ಲಿ ಒಂದು ಮಗುವಿನ ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಇದೆ. ಭಾಷೆ ಕಲಿಯುವವರಿಲ್ಲ ಅಂತ ಕೊರಗುವ ದೇಶದಲ್ಲಿ ಇಷ್ಟು ದೊಡ್ಡ ಆಸ್ತಿ ಮನೆಯೊಳಗೇ ಕರಗುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಪಂಜಾಬಿ, ಉರ್ದು, ಬಂಗಾಳಿ, ಗುಜರಾತಿಗೆ ಜಿಸಿಎಸ್‌ಇ ಪರೀಕ್ಷೆ ಇದೆ. ಆ ಮಕ್ಕಳ ಮನೆಮಾತು ಅಂಕಪಟ್ಟಿಯಲ್ಲಿ ಒಂದು ಗ್ರೇಡಾಗಿ ಕಾಣುತ್ತದೆ. ಕನ್ನಡಕ್ಕೆ ಇಲ್ಲ. ನಮ್ಮ ಸಂಘಗಳು ಯುಗಾದಿಗೆ, ದೀಪಾವಳಿಗೆ ನೂರಾರು ಜನರನ್ನು ಸೇರಿಸುತ್ತವೆ. ಶನಿವಾರ, ಭಾನುವಾರ ಪುಕ್ಕಟೆ ಕನ್ನಡ ಕಲಿಸುವ ತಾಯಂದಿರೂ ಇದ್ದಾರೆ. ಈ ಎಲ್ಲ ತರಗತಿಗಳು ಒಟ್ಟಾಗಿ, ಪರೀಕ್ಷೆ ಬರೆಯಲು ಸಿದ್ಧ ಇರುವ ಮಕ್ಕಳು ಯಾವ ಊರಿನಲ್ಲಿ ಎಷ್ಟಿದ್ದಾರೆ ಅನ್ನುವ ಒಂದು ಪಟ್ಟಿ ಮಾಡಿ ಪರೀಕ್ಷಾ ಮಂಡಳಿಗಳ ಮುಂದೆ ಇಡಬೇಕು. ಈ ಬೇಸಿಗೆ ರಜೆಗೆ ಮೊದಲೇ ಅದನ್ನು ಶುರು ಮಾಡಬಹುದು.