ಹತ್ತು ಸಸಿಯ ಲೆಕ್ಕ

ರಾತ್ರಿ ಹನ್ನೊಂದಾಯ್ತು, ನಿದ್ದೆ ಹತ್ತುತ್ತಿಲ್ಲ. ಈಗಷ್ಟೇ ಮಳೆಕಾಡುಗಳ ನಾಶದ ಬಗ್ಗೆ ಒಂದು ಆನ್‌ಲೈನ್ ಚರ್ಚೆ ನೋಡಿದೆ. ಸೂಟು ತೊಟ್ಟ ಮಹನೀಯರೊಬ್ಬರು ಅದರಲ್ಲಿ ಅಪ್ಪಣೆ ಕೊಡಿಸಿದರು: "ಒಂದು ಮರ ಕಡಿದರೆ ಹತ್ತು ಸಸಿ ನೆಡ್ತೀವಲ್ಲ, ಮತ್ತೇನು ತೊಂದರೆ?" ಅದಕ್ಕೆ ಚಪ್ಪಾಳೆ ಬೇರೆ!

ನನ್ನನ್ನು ಹುಳದ ಮೇಷ್ಟ್ರು ಅಂತ ಆಡಿಕೊಳ್ಳೋ ಗೆಳೆಯರಿಗೆ ಗೊತ್ತು, ಈ ಮಾತು ಕಿವಿಗೆ ಬಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತೆ ಅಂತ.

ಸ್ವಾಮಿ, ಉರುಳಿದ್ದು ಬರೀ ಮರ ಅಲ್ಲ. ಟೆರ್ರಿ ಅರ್ವಿನ್ ಅನ್ನೋ ಕೀಟತಜ್ಞರು ಪನಾಮಾದ ಕಾಡಲ್ಲಿ ಒಂದೇ ಜಾತಿಯ 19 ಮರಗಳ ನೆತ್ತಿಗೆ ಕೀಟನಾಶಕದ ಹೊಗೆ ಹಾಕಿ, ಉದುರಿದ ಹುಳಗಳನ್ನು ಎಣಿಸಿದರು. ಬೀಟಲ್‌ಗಳೇ, ಅಂದರೆ ಗಟ್ಟಿ ರೆಕ್ಕೆಯ ದುಂಬಿಗಳೇ, ಸುಮಾರು 1,200 ಜಾತಿ! ಅದನ್ನೇ ಗುಣಿಸಿ, ಉಷ್ಣವಲಯದಲ್ಲಿ ಕೀಟ ಮತ್ತು ಅವುಗಳ ಬಳಗದ 3 ಕೋಟಿ ಜಾತಿಗಳಿರಬಹುದು ಅಂತ 1982ರಲ್ಲಿ ಅವರು ಹೇಳಿದ ಅಂದಾಜು ಅತಿಯಾಯ್ತು ಅಂತ ಆಮೇಲೆ ಬೇರೆಯವರು ಇಳಿಸಿದರು, ಆ ಮಾತು ಬೇರೆ. ಉದುರಿದ ಹುಳಗಳಂತೂ ಸುಳ್ಳಲ್ಲ. ನಿಮ್ಮ ಹತ್ತು ಸಸಿಯ ಮೇಲೆ ಎಷ್ಟು ಕೂತಿವೆ, ಎಣಿಸಿದ್ದೀರಾ?

ಬ್ರೆಜಿಲ್ ನಟ್ ತಿಂದಿರ್ತೀರಿ. ಅಮೆಜಾನಿನ ಆ ಮರದ ಹೂವಿಗೆ ಬಿಗಿಯಾದ ಮುಚ್ಚಳ. ಅದನ್ನೆತ್ತಿ ಒಳಗೆ ನುಗ್ಗೋ ತಾಕತ್ತು ದಪ್ಪ ಜೇನ್ನೊಣಗಳಿಗೆ ಮಾತ್ರ. ಅವುಗಳಲ್ಲಿ ಕೆಲವು ಜಾತಿಯ ಗಂಡುಗಳು ಹೆಣ್ಣನ್ನು ಒಲಿಸಲು ಆರ್ಕಿಡ್ ಹೂಗಳಿಂದ ಪರಿಮಳ ಕೂಡಿಸ್ತವೆ. ಕಾಯಿಯೋ, ಕಲ್ಲಿನಂಥದ್ದು. ಅದನ್ನು ಕಡಿದು ಒಡೆದು, ಬೀಜ ಹೂತಿಟ್ಟು, ಕೆಲವನ್ನು ಮರೆತುಬಿಡೋ ಕೆಲಸ ಅಗೂಟಿ ಅನ್ನೋ ಪ್ರಾಣಿಯದ್ದು. ಆ ಮರೆವಿನಿಂದಲೇ ಹೊಸ ಮರ. ಮಹನೀಯರು ಸಸಿ ನೆಡ್ತಾರಂತೆ. ಮರೆಗುಳಿ ಅಗೂಟಿಯನ್ನು ಯಾವ ನರ್ಸರಿಯಿಂದ ತರ್ತಾರೋ!

ಸಾಲಾಗಿ ನೆಟ್ಟರೆ ಏನಾಗುತ್ತೆ ಅಂತ ಹೆನ್ರಿ ಫೋರ್ಡ್ ಆಗಲೇ ದುಡ್ಡು ಸುರಿದು ತೋರಿಸಿದ್ದಾನೆ. 1928ರಲ್ಲಿ ಅಮೆಜಾನ್ ಕಾಡು ಕಡಿಸಿ ಫೋರ್ಡ್‌ಲ್ಯಾಂಡಿಯಾ ಅಂತ ರಬ್ಬರ್ ತೋಟ ಎಬ್ಬಿಸಿದ. ಕಾಡಲ್ಲಿ ರಬ್ಬರ್ ಮರಗಳು ಅಲ್ಲೊಂದು ಇಲ್ಲೊಂದು ಇದ್ದು, ರೋಗ ಒಂದರಿಂದೊಂದಕ್ಕೆ ಸುಲಭಕ್ಕೆ ದಾಟೋದಿಲ್ಲ. ಇವನು ಒತ್ತೊತ್ತಾಗಿ ನೆಡಿಸಿದ. ಎಲೆ ಅಂಗಮಾರಿ ರೋಗಕ್ಕೆ ಹಬ್ಬದೂಟ. 1945ರಲ್ಲಿ ಜಾಗ ಬ್ರೆಜಿಲ್ ಸರ್ಕಾರದ ಪಾಲಾಯ್ತು. ಅದೇ ಮರ, ಅದೇ ಮಣ್ಣು, ಅದೇ ಮಳೆ. ಕಾಡು ಮಾತ್ರ ಇರಲಿಲ್ಲ.

ತಮಾಷೆ ಅಂದ್ರೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಲ್ಲಿ ರಬ್ಬರ್ ತೋಟವೂ ಕಾಡೇ! ತಾಳೆ ಎಣ್ಣೆಯ ತೋಟವನ್ನಾದರೂ ಹೊರಗಿಟ್ಟಿದ್ದಾರೆ, ಪುಣ್ಯ.

"ಹಾಗಾದರೆ ಗಿಡ ನೆಡೋದೇ ತಪ್ಪಾ?" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸ್ತಿರೋರು ಸ್ವಲ್ಪ ತಾಳಿ. ಬರಡು ನೆಲದಲ್ಲಿ ಧಾರಾಳವಾಗಿ ನೆಡಿ, ನೀರು ಹೊರಲು ನಾನೂ ಬರ್ತೀನಿ. ಕಾಡಿಗೆ ಬದಲಾಗಿ ನೆಟ್ಟೆ ಅನ್ನಬೇಡಿ, ಅಷ್ಟೇ. 2024ರ ಒಂದೇ ವರ್ಷದಲ್ಲಿ ಉಷ್ಣವಲಯದ 67 ಲಕ್ಷ ಹೆಕ್ಟೇರ್ ಮೂಲ ಕಾಡು ಹೋಯ್ತು, ಬಹಳಷ್ಟು ಬೆಂಕಿಗೆ. ಅದಕ್ಕೆ ಹತ್ತರ ಮಗ್ಗಿ ಹೇಳಿ ನೋಡೋಣ.

ಇಷ್ಟೆಲ್ಲಾ ಕೂಗಾಡೋ ನಾನೇನು ಸಾಚಾ ಅಲ್ಲ. ಹಿಂದೊಮ್ಮೆ ಪರಿಸರ ದಿನದಂದು ಸಸಿ ಹಿಡಿದು ಹಲ್ಲು ಕಿರಿದ ನನ್ನ ಫೋಟೋಗೆ ನೀವೇ ಲೈಕ್ ಒತ್ತಿದ್ದಿರಿ. ಆ ಸಸಿ ಬದುಕಿದೆಯಾ ಅಂತ ಒಂದು ದಿನವೂ ಹೋಗಿ ನೋಡಿಲ್ಲ. ಲೈಕ್ ಎಷ್ಟು ಬಂತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ.

ಇದನ್ನೆಲ್ಲ ಆ ವಿಡಿಯೊ ಕೆಳಗೂ ಬರೆದು ಬಂದೆ. ಮಹನೀಯರ ಉತ್ತರ ಈಗ ಬಂತು. ಸಸಿಯ ಇಮೋಜಿ. ಎಣಿಸಿದೆ, ಸರಿಯಾಗಿ ಹತ್ತು.