ಅಲ್ಲೂ ಮಳಿ ಇಲ್ಲೇನು?

ನಮ್ಮ ಹಾವೇರಿ ಕಡೆ ಮಿಲಿಟ್ರಿಯವ ರಜೆಗೆ ಬಂದ ಅಂದ್ರೆ ಎರಡು ಪ್ರಶ್ನೆ ಕಾಯಂ. ಒಂದು, "ಕ್ಯಾಂಟೀನಿಂದ ಏನ್ ತಂದಿ?" ಇನ್ನೊಂದು, "ಎಷ್ಟ ಮಂದೀನ್ನ ಹೊಡದಿ?" ಮೊದಲನೆಯದಕ್ಕೆ ಟ್ರಂಕಿನಲ್ಲಿ ಉತ್ತರ ಇರುತ್ತದೆ. ಎರಡನೆಯದಕ್ಕೆ ನಿಜ ಹೇಳಿದರೆ ಕಟ್ಟೆ ಮೇಲೆ ಕೂತವರ ಮುಖ ಸಪ್ಪಗಾಗುತ್ತದೆ. ಸಿಯಾಚಿನ್‌ನಲ್ಲಿ ನಾನು ಜಾಸ್ತಿ ಹೊಡೆದದ್ದು ಸ್ಟೋವಿಗೆ ಪಂಪು. ಅದು ಬಿಟ್ಟರೆ ಹಿಮಕ್ಕೆ ಸಲಿಕೆ.

1984ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ಅಲ್ಲಿ ಹತ್ತಿ ಕೂತದ್ದು ಇನ್ನೂ ಇಳಿದಿಲ್ಲ. ಹತ್ತುವ ಮೊದಲು ಎರಡು ವಾರ ಬರೀ ಗಾಳಿಗೆ ಹೊಂದಿಕೊಳ್ಳುವ ಕೆಲಸ. ಮೂರು ಹಂತ, ಒಟ್ಟು 14 ದಿನ. ಮೊದಮೊದಲು ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಆಮೇಲೆ ಸ್ವಲ್ಪ ಏರು. ನಮ್ಮ ಜೊತೆ ಗದಗ ಕಡೆಯ ಒಬ್ಬ ಪೈಲ್ವಾನ್ ಇದ್ದ. ಊರ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದವ. ಅಲ್ಲಿ ಬೂಟಿನ ಲೇಸ್ ಕಟ್ಟಿಕೊಂಡು ಎರಡು ನಿಮಿಷ ಏದುಸಿರು ಬಿಡುತ್ತಿದ್ದ. ಒಂದು ಬೂಟಿಗೆ ಎರಡು ನಿಮಿಷ.

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 2,200 ಅಡಿ. ನಮ್ಮ ಪೋಸ್ಟ್ ಇದ್ದದ್ದು 18,000ದ ಮೇಲೆ. ಅಷ್ಟು ಎತ್ತರದಲ್ಲಿ ನೀರು 80 ಡಿಗ್ರಿ ಚಿಲ್ಲರೆಗೇ ಕುದಿಯುತ್ತದೆ. ಕುದಿಯುವುದೇನೋ ಜೋರಾಗಿ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಕುಕ್ಕರ್ ಇಟ್ಟು ಒಂದು ರೌಂಡ್ ಇಸ್ಪೀಟು ಮುಗಿಸಿದರೂ ಸೀಟಿ ಇಲ್ಲ. ನೀರಾದರೂ ನಲ್ಲಿಯಿಂದ ಬರುತ್ತದೆಯೇ? ಮೊದಲು ಐಸ್ ಕಡಿಯಬೇಕು, ತಂದು ಕರಗಿಸಬೇಕು. ಕರಗಿಸಲು ಸೀಮೆಎಣ್ಣೆ. ಬೆಚ್ಚಗಿರಲು ಸೀಮೆಎಣ್ಣೆ. ಸಾಕ್ಸ್ ಒಣಗಿಸಲು ಸೀಮೆಎಣ್ಣೆ. ಆ ಫೈಬರ್ ಗುಡಿಸಲಿನಲ್ಲಿ ಹಗಲೂ ರಾತ್ರಿ ಉರಿಯುವ ಬುಖಾರಿಯ, ಅಂದರೆ ಬೆಚ್ಚಗಿಡುವ ಸೀಮೆಎಣ್ಣೆ ಒಲೆಯ, ಮಸಿಗೆ ನಾವೆಲ್ಲ ಒಂದೇ ಬಣ್ಣದವರಾಗಿದ್ದೆವು. ಬೆಳಿಗ್ಗೆ ಸೀನಿದರೆ ಕರವಸ್ತ್ರ ಕಪ್ಪು. ಉಗುಳಿದರೆ ಹಿಮದ ಮೇಲೆ ಕಪ್ಪು ಚುಕ್ಕಿ.

ಊಟದ್ದು ಇನ್ನೊಂದು ಕಥೆ. ಊರಿನವರು ಅಂದುಕೊಂಡಂತೆ ಅಲ್ಲಿ ಗೋಡಂಬಿ, ಬಾದಾಮಿ, ಚಾಕೊಲೇಟ್ ಎಲ್ಲ ಧಾರಾಳ. ಹಸಿವೆಯೊಂದೇ ಇಲ್ಲ. ಎತ್ತರಕ್ಕೆ ಹೋದಂತೆ ಅದು ಮೊದಲು ಕೈಕೊಡುತ್ತದೆ, ನಿದ್ದೆ ಅದರ ಹಿಂದೆ. ನಮ್ಮಲ್ಲಿ ಮದುವೆ ಮನೆಯ ಪಾಯಸದಲ್ಲಿ ಗೋಡಂಬಿ ಸಿಕ್ಕರೆ ಪುಣ್ಯ. ಅಲ್ಲಿ ಅದನ್ನು ಇಸ್ಪೀಟಿಗೆ ಪಣ ಇಡುತ್ತಿದ್ದೆವು. ಗೆದ್ದವನ ಮುಖ ನೋಡಬೇಕಿತ್ತು. ಪಾಪ, ಅವನೇ ತಿನ್ನಬೇಕಲ್ಲ! ಮೊಟ್ಟೆ ಗೋಡೆಗೆ ಎಸೆದರೂ ಒಡೆಯುತ್ತಿರಲಿಲ್ಲ. ಟೂತ್‌ಪೇಸ್ಟನ್ನು ಬಗಲಲ್ಲಿ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಟ್ಯೂಬಿನಿಂದ ಹೊರಗೆ ಬರುತ್ತಿತ್ತು, ಅದೂ ಅದರ ಮನಸ್ಸಿದ್ದರೆ.

ಇಂಥಾ ಜಾಗಕ್ಕೆ ನಮ್ಮವ್ವ ಪಾರ್ಸೆಲ್ ಕಳಿಸಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಧಾರವಾಡ ಪೇಡೆ. ವಿಳಾಸದಲ್ಲಿ ನಂಬರು, ಹೆಸರು, ಪಲ್ಟನ್, ಕೊನೆಗೆ 56 ಎಪಿಒ, ಅಂದರೆ ಮಿಲಿಟ್ರಿ ಅಂಚೆ ಕಚೇರಿ. ಅಷ್ಟೇ. ಊರು, ಜಿಲ್ಲೆ ಏನೂ ಬರೆಯುವ ಹಾಗಿಲ್ಲ. ಇದು ನಮ್ಮ ಸೋದರಮಾವನಿಗೆ ಕೊನೆಗೂ ಒಪ್ಪಿಗೆ ಆಗಲಿಲ್ಲ. "ಐವತ್ತಾರ ಎಪಿಒ ಅಂದ್ರ ಯಾವ ತಾಲೂಕಿನ್ಯಾಗ ಬರ್ತೈತಿ?" ಅಂತ ಪೋಸ್ಟ್‌ಮನ್ ಜೊತೆ ವಾದ ಹಾಕಿ, ಇರಲಿ ಅಂತ ಮೂಲೆಯಲ್ಲಿ 'ಹಿಮಾಲಯ' ಎಂದು ತಾವೇ ಸೇರಿಸಿದ್ದರು.

ಪಾರ್ಸೆಲ್ ಅಂತೂ ಬಂತು. ರೊಟ್ಟಿ ಹೆಲಿಕಾಪ್ಟರ್ ಹತ್ತಿ ಇಳಿಯುವಷ್ಟರಲ್ಲಿ ಚೂರುಚೂರು. ಸೀಮೆಎಣ್ಣೆ ಜೆರಿಕ್ಯಾನುಗಳ ಪಕ್ಕದಲ್ಲೇ ಪ್ರಯಾಣ ಮಾಡಿದ್ದಕ್ಕೆ ಅದೇ ವಾಸನೆ ಬೇರೆ. ಪೇಡೆಯನ್ನು ಐಸ್ ಕಡಿಯುವ ಕೊಡಲಿಯ ಹಿಂಬದಿಯಿಂದ ಕುಟ್ಟಿ, ತುಂಡನ್ನು ದವಡೆಯಲ್ಲಿ ಇಟ್ಟುಕೊಂಡು ಸೆಂಟ್ರಿ ಡ್ಯೂಟಿಗೆ ಹೋಗುತ್ತಿದ್ದೆವು. ಡ್ಯೂಟಿ ಮುಗಿಯುವ ಹೊತ್ತಿಗೆ ಸಿಹಿ ಶುರುವಾಗುತ್ತಿತ್ತು.

ಚಟ್ನಿಯ ಡಬ್ಬಿ ತೆರೆದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ಕೆಂಪು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಅಲ್ವಾ? ಬಣ್ಣ ಭಯಂಕರ, ಖಾರ ಕಡಿಮೆ. ಲಿಪ್‌ಸ್ಟಿಕ್ಕಿಗೂ ಅದರ ಬಣ್ಣ ತೆಗೆಯುತ್ತಾರೆ. ಆದರೆ ಗಢವಾಲಿನ ನರ್ಸಿಂಗ್ ಅಸಿಸ್ಟೆಂಟ್ ಡಬ್ಬಿಯೊಳಗೆ ಇಣುಕಿ, ಇದನ್ನು ತಿಂದವನಿಗೆ ನನ್ನ ಹತ್ತಿರ ಔಷಧಿ ಇಲ್ಲ ಎಂದು ಹಿಂದಿಯಲ್ಲಿ ಘೋಷಿಸಿದ. ನಾನು ತುಟಿ ಬಿಚ್ಚಲಿಲ್ಲ. ಸುಮ್ನೆ ತಲೆಯಾಡಿಸಿದೆ. ದಿನಾ ಒಂದು ಚಮಚ ತಿಂದು, ಬೇಕಂತಲೇ ಒಮ್ಮೆ ಹಾ ಹೂ ಅನ್ನುತ್ತಿದ್ದೆ. ಡಬ್ಬಿ ಭದ್ರ, ನನ್ನ ಮರ್ಯಾದೆಯೂ ಭದ್ರ. ಆಮೇಲೆ ಕೆಳಗಿನ ಪೋಸ್ಟಿನಿಂದ ಗುಂಟೂರಿನ ಹುಡುಗನೊಬ್ಬ ಬಂದ. ಬೆರಳು ಅದ್ದಿ ನೆಕ್ಕಿದ. ನನ್ನ ಮುಖ ನೋಡಿದ. ಇನ್ನೊಮ್ಮೆ ನೆಕ್ಕಿದ. "ಇದಕ್ಕೆ ಖಾರ ಯಾವಾಗ ಹಾಕ್ತೀರಿ?" ಅಂತ ಎಲ್ಲರ ಎದುರಿಗೇ ಕೇಳಿದ. ರಾತ್ರಿಯೊಳಗೆ ಡಬ್ಬಿ ತೊಳೆದಿಟ್ಟಂತಾಗಿತ್ತು. ಮೊದಲು ಚಮಚ ಹಾಕಿದವ ಆ ನರ್ಸಿಂಗ್ ಅಸಿಸ್ಟೆಂಟೇ.

ಸಲಿಕೆಯ ವಿಷಯ ನಗುವಂಥದ್ದಲ್ಲ. ಹಿಮ ಬೀಳಲು ಶುರುವಾದರೆ ರಾತ್ರಿಯೆಲ್ಲ ಪಾಳಿ ಮೇಲೆ ಛಾವಣಿ, ಬಾಗಿಲು ತೆರವು ಮಾಡುತ್ತಿರಬೇಕು. ಮಲಗಿದರೆ ಮನೆ ಸಮೇತ ಹೂತುಹೋಗುತ್ತೇವೆ. ಅಷ್ಟು ಮಾಡಿದರೂ ಗುಡ್ಡವೇ ಜಾರಿ ಬಂದರೆ ಸಲಿಕೆ ಏನು ಮಾಡೀತು? 2016ರ ಫೆಬ್ರುವರಿ 3ರಂದು ಸೋನಂ ಪೋಸ್ಟಿನ ಮೇಲೆ ಹಾಗೇ ಬಂತು. ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನದ ಮೇಲೆ ಹಿಮದ ಅಡಿಯಿಂದ ಜೀವಂತ ತೆಗೆದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಹೋದರು. ಅವರ ಜೊತೆಗಿದ್ದ ಒಂಬತ್ತು ಮಂದಿ ಅಲ್ಲೇ ತೀರಿಹೋಗಿದ್ದರು. ಅವತ್ತಿನಿಂದ ಸ್ವಲ್ಪ ಕಾಲ ನಮ್ಮ ಕಟ್ಟೆಯಲ್ಲಿ ಎರಡನೇ ಪ್ರಶ್ನೆ ಯಾರೂ ಕೇಳಲಿಲ್ಲ. ಕ್ಯಾಂಟೀನಿನದು ನಿಲ್ಲಲಿಲ್ಲ.

ನಾನು ಅಲ್ಲಿದ್ದಾಗ, 2003ರ ನವೆಂಬರ್ 26ರಿಂದ, ಎರಡೂ ಕಡೆಯ ತೋಪುಗಳು ಸುಮ್ಮನಾದವು. ಕದನ ವಿರಾಮ. ಚಳಿಗೆ ಯಾರೂ ಆ ಸುದ್ದಿ ಮುಟ್ಟಿಸಿರಲಿಲ್ಲ, ಅದು ಮೊದಲಿನ ಹಾಗೇ ಕೆಲಸ ಮಾಡುತ್ತಿತ್ತು. ಪೋಸ್ಟಿನಿಂದ ಬೇಸ್ ಕ್ಯಾಂಪಿಗೆ ಇಳಿದಾಗ ಫೋನ್ ಸಿಗುತ್ತಿತ್ತು. ಸಾಲು ಉದ್ದ, ಮಾತಿಗೆ ಸಿಗುವುದು ಕೆಲವೇ ನಿಮಿಷ. ಊರಿನಲ್ಲಿ ಫೋನ್ ಇದ್ದದ್ದು ಕಿರಾಣಿ ಅಂಗಡಿಯಲ್ಲಿ. ಅಂಗಡಿಯವರು ಹುಡುಗನನ್ನು ಓಡಿಸಿ, ಹುಡುಗ ದಾರಿಯಲ್ಲಿ ಗೋಲಿ ಆಟ ನೋಡಿ, ಅವ್ವ ಸೀರೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು.

"ಊಟ ಆತೇನಪಾ?"

"ಆತವ್ವ."

"ಮಳಿ ಹೆಂಗ ಐತಿ ಅಲ್ಲೆ?"

ನಮ್ಮ ಜಿಲ್ಲೆಗೆ ಅದು ಸತತ ಮೂರನೇ ಬರದ ವರ್ಷ. ಯಾರು ಫೋನ್ ಮಾಡಿದರೂ ಮೊದಲು ಮಳೆ ವಿಚಾರಿಸುವ ಕಾಲ. ನಾನು ನಿಜ ಹೇಳಿದೆ. "ಇಲ್ಲೆ ಮಳಿ ಆಗಂಗಿಲ್ಲವ್ವ. ಒಂದ್ ಹನಿನೂ ಇಲ್ಲ."

"ಅಯ್ಯ ಶಿವನ! ಅಲ್ಲೂ ಮಳಿ ಇಲ್ಲೇನು?" ಎಂದವಳು ಫೋನ್ ಹಿಡಿದುಕೊಂಡೇ ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದಳು. ಹಿಮ ಬೀಳುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಲೈನ್ ಕಟ್. ಮುಂದಿನ ಪತ್ರದಲ್ಲಿ ಅಪ್ಪ, ಅಲ್ಲಿಯೂ ಬರ ಎಂದು ಕೇಳಿ ಬೇಸರವಾಯಿತು, ದನಕರುಗಳಿಗೆ ಮೇವು ಏನು ಮಾಡುತ್ತಾರೆ ಎಂದು ಬರೆಸಿದ್ದರು.

ನಿವೃತ್ತಿ ಆದಮೇಲೆ ಒಂದು ಶಾಲೆಯವರು ಆಗಸ್ಟ್ 15ಕ್ಕೆ ಭಾಷಣಕ್ಕೆ ಕರೆದರು. ಶೌರ್ಯದ ಬಗ್ಗೆ ಮಾತಾಡಿ ಎಂದಿದ್ದರು. ನಾನು ಸಾಕ್ಸ್ ಬಗ್ಗೆ ಮಾತಾಡಿದೆ. ಬೂಟಿನೊಳಗೆ ಬೆವರು ಐಸ್ ಆಗುತ್ತದೆ, ಬೆರಳು ಕಪ್ಪಾಗಿ ಹೋಗುತ್ತದೆ, ಅದಕ್ಕೇ ದಿನಾ ಒಬ್ಬರ ಪಾದ ಒಬ್ಬರು ನೋಡಬೇಕು ಅಂತೆಲ್ಲ. ಹೆಡ್‌ಮಾಸ್ತರ್ ವಾಚ್ ನೋಡಿಕೊಂಡರು. ಕೊನೆಗೆ ತಾವೇ ಎದ್ದು, "ಮಿಲಿಟ್ರಿಗೆ ಯಾರ್ ಯಾರ್ ಹೊಕ್ಕೀರಿ, ಕೈ ಎತ್ರಿ" ಅಂದರು. ಎದ್ದದ್ದು ಬೆರಳೆಣಿಕೆಯ ಕೈಗಳು.

ಆಗ ಮುಂದಿನ ಸಾಲಿನ ಒಬ್ಬ ಹುಡುಗ ಎದ್ದ. "ಸರ, ಅಲ್ಲೆ ಜಳಕ ಹೆಂಗ ಮಾಡ್ತಿದ್ರಿ?"

"ಪೋಸ್ಟಿನಲ್ಲಿ ಜಳಕ ಇಲ್ಲಪ್ಪ. ಒಂದು ಪೋಸ್ಟಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳು. ಕೆಳಗೆ ಇಳಿದ ಮೇಲೆಯೇ ಜಳಕ."

"ಯಾರೂ ಬಯ್ಯಂಗಿಲ್ರಿ?"

"ಇಲ್ಲ."

ಹೆಡ್‌ಮಾಸ್ತರ್ ಮತ್ತೆ ಕೇಳಬೇಕಾಗಲಿಲ್ಲ. ಇಡೀ ಶಾಲೆಯ ಕೈ ಮೇಲಿತ್ತು.