ಸಂಪುಟ ಎಂದರೆ ಒಬ್ಬರಲ್ಲ

ಸರ್ಕಾರಿ ಆದೇಶವೊಂದನ್ನು ಕೊನೆಯ ಸಾಲಿನವರೆಗೂ ಓದಿದವರಿಗೆ ಅದರ ರೂಪ ಗೊತ್ತಿರುತ್ತದೆ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹ, ಅದರ ಕೆಳಗೆ ವಿಷಯ, ‘ಓದಲಾಗಿದೆ’ ಎಂದು ಹಿಂದಿನ ಪತ್ರಗಳ ಪಟ್ಟಿ, ಪ್ರಸ್ತಾವನೆ, ಆಮೇಲೆ ಆದೇಶ. ಎಲ್ಲ ಮುಗಿದ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು, ಅದರಡಿಯಲ್ಲಿ ಅಧೀನ ಕಾರ್ಯದರ್ಶಿಯೊಬ್ಬರ ಸಹಿ. ಸಚಿವಾಲಯದ ಶಾಖೆಯೊಂದರಲ್ಲಿ ಬಹಳ ವರ್ಷ ಕುಳಿತು ಇಂಥ ಆದೇಶಗಳ ಕರಡು ಬರೆದವನು ನಾನು. ಯಾರ ಹೆಸರಿನಲ್ಲಿ ಆದೇಶ ಹೊರಡುತ್ತದೆಯೋ ಆ ರಾಜ್ಯಪಾಲರು ಸಾಮಾನ್ಯವಾಗಿ ಆ ಕಡತವನ್ನು ನೋಡಿಯೇ ಇರುವುದಿಲ್ಲ. ಸಹಿ ಹಾಕಿದ ಅಧೀನ ಕಾರ್ಯದರ್ಶಿ ಆ ತೀರ್ಮಾನವನ್ನು ಮಾಡಿದವರೂ ಅಲ್ಲ. ತೀರ್ಮಾನ ಮಾಡಿದವರು, ಅದಕ್ಕಾಗಿ ವಿಧಾನಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವರು ಮಂತ್ರಿಗಳು. ಆ ಮಂತ್ರಿಮಂಡಲದ ಬಗ್ಗೆ ಇಂದು ಬರೆಯಬೇಕೆನಿಸಿದೆ. ಏಕೆಂದರೆ ರಾಜ್ಯದ ಕಾರ್ಯಾಂಗ ಎಂದೊಡನೆ ನಾವು ರಾಜ್ಯಪಾಲರ ವಿಚಾರಕ್ಕೆ ಜಗಳವಾಡುತ್ತೇವೆ, ಮುಖ್ಯಮಂತ್ರಿಯ ಕುರ್ಚಿಯ ಬಗ್ಗೆ ಲೆಕ್ಕ ಹಾಕುತ್ತೇವೆ. ಆದರೆ ಅವರಿಬ್ಬರ ನಡುವೆ ಇರಬೇಕಾದ ಸಂಪುಟ ವರ್ಷದಿಂದ ವರ್ಷಕ್ಕೆ ಸೊರಗುತ್ತಿರುವುದನ್ನು ಗಮನಿಸುತ್ತಿಲ್ಲ.

ಸಂವಿಧಾನದ 154ನೇ ವಿಧಿ ರಾಜ್ಯದ ಕಾರ್ಯಾಧಿಕಾರವನ್ನು ರಾಜ್ಯಪಾಲರಲ್ಲಿ ನಿಹಿತಗೊಳಿಸುತ್ತದೆ. ಅವರಿಗೆ ನೆರವು, ಸಲಹೆ ನೀಡಲು ಮುಖ್ಯಮಂತ್ರಿಯ ನೇತೃತ್ವದ ಮಂತ್ರಿಮಂಡಲವೊಂದು ಇರತಕ್ಕದ್ದು ಎಂದು 163ನೇ ವಿಧಿ ಹೇಳುತ್ತದೆ. ಆ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ ಎಂಬುದು 164ನೇ ವಿಧಿಯ ಎರಡನೆಯ ಖಂಡ. ಇಲ್ಲಿ ಎಲ್ಲಿಯೂ ಮುಖ್ಯಮಂತ್ರಿಯೊಬ್ಬರೇ ಸಲಹೆ ನೀಡುತ್ತಾರೆಂದಾಗಲಿ, ಒಬ್ಬರೇ ಹೊಣೆ ಹೊರುತ್ತಾರೆಂದಾಗಲಿ ಬರೆದಿಲ್ಲ. 167ನೇ ವಿಧಿಯಂತೂ ಇನ್ನೂ ಸೂಕ್ಷ್ಮವಾಗಿದೆ. ಮಂತ್ರಿಯೊಬ್ಬರು ತಾವೇ ನಿರ್ಧರಿಸಿದ, ಮಂತ್ರಿಮಂಡಲ ಪರಿಶೀಲಿಸದ ವಿಷಯವನ್ನು ಮಂತ್ರಿಮಂಡಲದ ಮುಂದಿಡುವಂತೆ ರಾಜ್ಯಪಾಲರು ಕೇಳಬಹುದು. ನಾಲ್ಕು ಜನ ಕುಳಿತು ಮಾತಾಡಿದರೆ ತಪ್ಪು ಕಡಿಮೆಯಾದೀತು ಎಂಬ ಸರಳ ನಂಬಿಕೆಯೇ ಈ ವಿಧಿಯ ಹಿಂದಿದೆ ಎಂದು ನಾನು ತಿಳಿದಿದ್ದೇನೆ.

ಬಚ್ಚಿತ್ತರ್ ಸಿಂಗ್ ಪ್ರಕರಣವನ್ನು ನಮ್ಮ ಶಾಖೆಯಲ್ಲಿ ಹಿರಿಯರೊಬ್ಬರು ಹೊಸಬರಿಗೆಲ್ಲ ಹೇಳುತ್ತಿದ್ದರು. ಪೆಪ್ಸು (ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟ) ಎಂಬ ಅಂದಿನ ರಾಜ್ಯದಲ್ಲಿ ವಜಾಗೊಂಡಿದ್ದ ಆ ನೌಕರನ ಕಡತದ ಮೇಲೆ ಅಲ್ಲಿನ ಕಂದಾಯ ಮಂತ್ರಿಗಳು, ವಜಾ ಮಾಡುವುದು ಬೇಡ, ಹಿಂಬಡ್ತಿ ಸಾಕು ಎಂದು ಬರೆದರು. ಆದರೆ ಆ ಟಿಪ್ಪಣಿ ಆದೇಶವಾಗಿ ಹೊರಬೀಳಲಿಲ್ಲ. 1956ರ ನವೆಂಬರ್ 1ರಂದು ಪೆಪ್ಸು ಪಂಜಾಬಿನಲ್ಲಿ ವಿಲೀನವಾಯಿತು, ಕಡತ ಪಂಜಾಬಿನ ಮುಖ್ಯಮಂತ್ರಿಗಳವರೆಗೂ ಹೋಯಿತು, ವಜಾ ಖಾಯಂ ಆಯಿತು. ಮಂತ್ರಿಯೊಬ್ಬರು ಕಡತದಲ್ಲಿ ಬರೆದದ್ದು ರಾಜ್ಯಪಾಲರ ಹೆಸರಿನಲ್ಲಿ ವ್ಯಕ್ತವಾಗಿ ಸಂಬಂಧಪಟ್ಟವರಿಗೆ ತಲುಪುವವರೆಗೆ ಅದು ಸರ್ಕಾರದ ಆದೇಶವಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪಿತ್ತಿತು. ಕೆಲಸ ಕಳೆದುಕೊಂಡ ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಮರುಕವಿದೆ. ಆದರೂ ಆ ತೀರ್ಪಿನ ತಿರುಳನ್ನು ಒಪ್ಪುತ್ತೇನೆ. ಮಂತ್ರಿಯ ಮನಸ್ಸು ಬೇರೆ, ಸರ್ಕಾರದ ತೀರ್ಮಾನ ಬೇರೆ; ಮೊದಲನೆಯದು ಎರಡನೆಯದಾಗಬೇಕಾದರೆ ನಡುವೆ ಒಂದು ಕ್ರಮವಿರಬೇಕು.

ರಾಜ್ಯಪಾಲರ ವಿಚಾರವನ್ನು ಪೂರ್ತಿ ಬಿಟ್ಟುಬಿಡಲಾಗದು, ಅದರಲ್ಲೂ ಕರ್ನಾಟಕದವರಾದ ನಾವು. ಕರಡು ಸಂವಿಧಾನದಲ್ಲಿ ಚುನಾಯಿತ ರಾಜ್ಯಪಾಲರ ಕಲ್ಪನೆಯಿತ್ತು. ಜನರಿಂದ ಆರಿಸಿ ಬಂದ ಮುಖ್ಯಮಂತ್ರಿಗೂ ಹಾಗೆಯೇ ಆರಿಸಿ ಬಂದ ರಾಜ್ಯಪಾಲರಿಗೂ ತಿಕ್ಕಾಟ ತಪ್ಪದೆಂಬ ಕಾರಣಕ್ಕೆ ಸಂವಿಧಾನ ಸಭೆ 1949ರಲ್ಲಿ ನೇಮಕದ ದಾರಿಯನ್ನು ಹಿಡಿಯಿತು. ಆದರೆ ತಿಕ್ಕಾಟ ತಪ್ಪಲಿಲ್ಲ. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ತಮ್ಮ ಸಹಿ ಪಡೆಯಲಾಗಿದೆ ಎಂದು ಮರುಪತ್ರ ಬರೆದರು. ಸಂಪುಟ ಸೇರಿ ಏಪ್ರಿಲ್ 27ಕ್ಕೆ ಅಧಿವೇಶನ ಕರೆಯಲು ತೀರ್ಮಾನಿಸಿತು. ಮುಖ್ಯಮಂತ್ರಿಗಳೂ ಕಾನೂನು ಸಚಿವರೂ ರಾಜ್ಯಪಾಲರನ್ನು ಕಂಡು, ಬೇಕಾದರೆ ಅದಕ್ಕೂ ಮೊದಲೇ ಸದನದಲ್ಲಿ ಬಹುಮತ ಸಾಬೀತುಪಡಿಸುತ್ತೇವೆ ಎಂದರು. ಆದರೂ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಉದ್ಘೋಷಣೆ ಬಂದೇಬಿಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ರಾಜಭವನವಲ್ಲ, ವಿಧಾನಸಭೆಯ ಅಂಗಳ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳುವ ಹೊತ್ತಿಗೆ ಆ ವಿಧಾನಸಭೆಯೂ ಹೋಗಿತ್ತು, ಆ ಸರ್ಕಾರವೂ ಹೋಗಿತ್ತು. ಆದರೆ ಆ ತೀರ್ಪಿನ ಫಲ 2018ರ ಮೇ ತಿಂಗಳಿನಲ್ಲಿ ನಮಗೇ ದಕ್ಕಿತು. ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರೂ, ನಡುರಾತ್ರಿ ವಿಚಾರಣೆಗೆತ್ತಿಕೊಂಡ ಸುಪ್ರೀಂ ಕೋರ್ಟ್ ಆ ಅವಧಿಯನ್ನು ಮೇ 19ಕ್ಕೆ ಇಳಿಸಿತು.

ನಾನು ಇಷ್ಟು ವಿವರವಾಗಿ ಬೊಮ್ಮಾಯಿ ಪ್ರಕರಣವನ್ನು ನೆನಪಿಸಿದ್ದಕ್ಕೆ ಒಂದು ಕಾರಣವಿದೆ. ಅಂದು ರಾಜ್ಯಪಾಲರು ತಳ್ಳಿಹಾಕಿದ್ದು ಒಬ್ಬ ಮುಖ್ಯಮಂತ್ರಿಯ ಕೋರಿಕೆಯನ್ನಷ್ಟೇ ಅಲ್ಲ, ಸಂಪುಟದ ನಿರ್ಣಯವೊಂದನ್ನು. ಸಂಪುಟದ ನಿರ್ಣಯಕ್ಕೆ ಬೆಲೆ ಇರಬೇಕೆಂದು ರಾಜಭವನದ ಎದುರು ನಿಂತು ಕೇಳುವ ನಾವು, ಅದೇ ಬೆಲೆಯನ್ನು ನಮ್ಮ ಮುಖ್ಯಮಂತ್ರಿಗಳು ಸಂಪುಟಕ್ಕೆ ಕೊಡುತ್ತಿದ್ದಾರೆಯೇ ಎಂದು ಕೇಳುವುದಿಲ್ಲ.

2019ರ ಜುಲೈ 26ರಂದು ಯಡಿಯೂರಪ್ಪನವರು ಪ್ರಮಾಣ ವಚನ ಸ್ವೀಕರಿಸಿದರು. ಮೊದಲ ಕಂತಿನ 17 ಸಚಿವರು ಪ್ರಮಾಣ ಸ್ವೀಕರಿಸಿದ್ದು ಆಗಸ್ಟ್ 20ರಂದು. ನಡುವಿನ ಆ 25 ದಿನಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದವು. ಬೆಳಗಾವಿ, ಬಾಗಲಕೋಟೆಯ ಊರುಗಳು ನೀರಿನಲ್ಲಿ ನಿಂತವು. ಕೊಡಗಿನಲ್ಲಿ ಗುಡ್ಡ ಕುಸಿಯಿತು. ಮುಖ್ಯಮಂತ್ರಿಗಳು ಆ ವಯಸ್ಸಿನಲ್ಲಿಯೂ ನೆರೆಪೀಡಿತ ಜಿಲ್ಲೆಗಳನ್ನು ಸುತ್ತಿದರು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕಂದಾಯ ಸಚಿವರಿಲ್ಲ, ಲೋಕೋಪಯೋಗಿ ಸಚಿವರಿಲ್ಲ, ಆರೋಗ್ಯ ಸಚಿವರಿಲ್ಲ, ಯಾವ ಜಿಲ್ಲೆಗೂ ಉಸ್ತುವಾರಿ ಸಚಿವರಿಲ್ಲ. ಜಿಲ್ಲಾಧಿಕಾರಿಗಳಿಂದ ಮುಖ್ಯ ಕಾರ್ಯದರ್ಶಿಗಳಿಗೆ, ಅವರಿಂದ ಒಬ್ಬರೇ ಒಬ್ಬರಿಗೆ ಕಡತ ಹೋಗಬೇಕು. ಇದು ಒಂದು ಪಕ್ಷದ ಅಥವಾ ಒಂದು ರಾಜ್ಯದ ಕಥೆಯಲ್ಲ. ತೆಲಂಗಾಣದಲ್ಲಿ 2018ರ ಡಿಸೆಂಬರ್ 13ರಿಂದ 2019ರ ಫೆಬ್ರವರಿ 19ರವರೆಗೆ ಮುಖ್ಯಮಂತ್ರಿ ಚಂದ್ರಶೇಖರ ರಾವ್ ಮತ್ತು ಒಬ್ಬ ಸಚಿವರು, ಇಬ್ಬರೇ ಇದ್ದರು. ಮಧ್ಯಪ್ರದೇಶದಲ್ಲಿ ಶಿವರಾಜ್ ಸಿಂಗ್ ಚೌಹಾಣ್ 2020ರ ಮಾರ್ಚ್ 23ರಿಂದ ಏಪ್ರಿಲ್ 21ರವರೆಗೆ ಒಬ್ಬರೇ ಇದ್ದರು, ಅದೂ ಕೋವಿಡ್ ಲಾಕ್‌ಡೌನ್ ನಡುವೆ, ಆರೋಗ್ಯ ಸಚಿವರೇ ಇಲ್ಲದೆ. ಮಹಾರಾಷ್ಟ್ರದಲ್ಲಿ 2022ರ ಜೂನ್ 30ರಿಂದ ಆಗಸ್ಟ್ 9ರವರೆಗೆ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೇ ಸರ್ಕಾರವಾಗಿದ್ದರು.

ಸಂವಿಧಾನದ 91ನೇ ತಿದ್ದುಪಡಿ ಬಂದದ್ದು 2003ರಲ್ಲಿ. ಅದಕ್ಕೂ ಮೊದಲು ಮಂತ್ರಿಗಿರಿಯೆಂಬುದು ಬೆಂಬಲದ ಬೆಲೆಯಾಗಿ ಹೋಗಿತ್ತು. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಅವರ ಮಂತ್ರಿಮಂಡಲ 93 ಮಂದಿಯವರೆಗೆ ಬೆಳೆದಿತ್ತು. ವಿಧಾನಸಭೆಯ ಒಟ್ಟು ಸದಸ್ಯರ ಶೇ. 15ಕ್ಕಿಂತ ಹೆಚ್ಚು ಮಂತ್ರಿಗಳಿರಬಾರದು ಎಂದು ತಿದ್ದುಪಡಿ ಕಟ್ಟು ಹಾಕಿತು. 224 ಸದಸ್ಯರ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34 ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ಅದೇ ಉಪಖಂಡದಲ್ಲಿ ಇನ್ನೊಂದು ಮಾತಿದೆ: ಮುಖ್ಯಮಂತ್ರಿ ಸೇರಿ ಮಂತ್ರಿಗಳ ಸಂಖ್ಯೆ 12ಕ್ಕಿಂತ ಕಡಿಮೆ ಇರತಕ್ಕದ್ದಲ್ಲ. ಮೇಲಿನ ಮಿತಿ ಮೀರಿದರೆ ಪತ್ರಿಕೆಗಳು ಬರೆಯುತ್ತವೆ, ನ್ಯಾಯಾಲಯಕ್ಕೆ ಅರ್ಜಿ ಹೋಗುತ್ತದೆ. ಕೆಳಗಿನ ಮಿತಿಯನ್ನು ವಾರಗಟ್ಟಲೆ ಮುರಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಹೊಸ ಸರ್ಕಾರ ಎಷ್ಟು ದಿನದೊಳಗೆ ಈ ಹನ್ನೆರಡನ್ನು ಮುಟ್ಟಬೇಕೆಂದು ವಿಧಿಯಲ್ಲಿ ಹೇಳಿಲ್ಲ. ಆ ಮೌನವೇ ಮುಖ್ಯಮಂತ್ರಿಗಳಿಗೂ ಪಕ್ಷಗಳ ವರಿಷ್ಠರಿಗೂ ಅನುಕೂಲವಾಗಿದೆ.

ಹನ್ನೆರಡಾಗಲಿ ಮೂವತ್ತನಾಲ್ಕಾಗಲಿ, ಸಂಖ್ಯೆ ತುಂಬಿದ ಮಾತ್ರಕ್ಕೆ ಸಂಪುಟ ಸಂಪುಟವಾಗುವುದಿಲ್ಲ. ನಾನು ಶಾಖೆಯಲ್ಲಿದ್ದಾಗ ಕೆರೆಯಂಗಳದ ಅಂಚಿನ ಜಮೀನೊಂದನ್ನು ಕಟ್ಟಡಕ್ಕೆ ಮಂಜೂರು ಮಾಡುವ ಪ್ರಸ್ತಾವ ಬಂದಿತ್ತು. ಸಂಪುಟ ಟಿಪ್ಪಣಿ ಸಿದ್ಧವಾಗಬೇಕಾದರೆ ಸಂಬಂಧಪಟ್ಟ ಇಲಾಖೆಗಳ ಅಭಿಪ್ರಾಯ ಬೇಕು. ಕಾನೂನು ಇಲಾಖೆ ತನ್ನ ತಕರಾರಿಲ್ಲವೆಂದಿತು, ಆರ್ಥಿಕ ಇಲಾಖೆ ಸಹಮತಿಸಿತು. ಎರಡು ಸಲ ನೆನಪೋಲೆ ಬರೆದ ಮೇಲೆ ಕೊನೆಗೆ ಬಂದದ್ದು ಸಣ್ಣ ನೀರಾವರಿ ಇಲಾಖೆಯ ಒಂದೇ ಪುಟ. ಕೋಡಿ ಬಿದ್ದ ನೀರು ಹರಿದುಹೋಗುವ ಹಾದಿ ಇದೇ ಸರ್ವೆ ನಂಬರಿನ ಮೇಲಿದೆ ಎಂದು ಅದರಲ್ಲಿತ್ತು, ಜೊತೆಗೆ ಕೈಯಲ್ಲಿ ಬರೆದ ಒಂದು ನಕ್ಷೆ. ಅದನ್ನು ಅನುಬಂಧವಾಗಿ ಲಗತ್ತಿಸಿ ಟಿಪ್ಪಣಿ ಕಳಿಸಿದೆವು. ಸಂಪುಟದ ಒಳಗೆ ಯಾರು ಏನು ಮಾತಾಡಿದರೋ ನಮಗೆ ತಿಳಿಯುವಂತಿರಲಿಲ್ಲ, ತಿಳಿಯಬಾರದು ಕೂಡ. ‘ವಿಷಯವನ್ನು ಮುಂದೂಡಲಾಗಿದೆ’ ಎಂಬ ಒಂದು ಸಾಲು ಹಿಂದಿರುಗಿತು. ಆ ಪ್ರಸ್ತಾವ ನಾನು ನಿವೃತ್ತನಾಗುವವರೆಗೂ ಮತ್ತೆ ಮೇಲೇಳಲಿಲ್ಲ. ಯಾರೋ ಆ ಪುಟವನ್ನು ಓದಿದ್ದರು ಎಂಬುದು ಮಾತ್ರ ಖಚಿತ.

ಕೊನೆಕೊನೆಗೆ ನನ್ನ ಮೇಜಿನ ಮೇಲೆ ಬೇರೊಂದು ಬಗೆಯ ಕಡತಗಳು ಹೆಚ್ಚತೊಡಗಿದವು. ‘ಸಚಿವ ಸಂಪುಟದ ಘಟನೋತ್ತರ ಅನುಮೋದನೆ ಪಡೆಯುವ ಷರತ್ತಿಗೊಳಪಟ್ಟು’ ಎಂಬ ಮಾತಿನೊಂದಿಗೆ ಮೊದಲು ಆದೇಶ ಹೊರಟು, ಕೆಲಸ ಆರಂಭವಾಗಿ, ಹಣ ಬಿಡುಗಡೆಯಾದ ಮೇಲೆ ಸಂಪುಟ ಟಿಪ್ಪಣಿ ಬರೆಯಲು ನಮಗೆ ಸೂಚನೆ ಬರುತ್ತಿತ್ತು. ನೆರೆ ಬಂದಾಗ, ಸಾಂಕ್ರಾಮಿಕ ರೋಗ ಹರಡಿದಾಗ ಸಂಪುಟ ಸೇರುವವರೆಗೆ ಕಾಯಲಾಗದು, ಘಟನೋತ್ತರ ಅನುಮೋದನೆ ಎಂಬ ವ್ಯವಸ್ಥೆ ಇರುವುದೇ ಅದಕ್ಕೆ. ಆದರೆ ತುರ್ತೇ ಇಲ್ಲದ ಕಾಮಗಾರಿಗೂ ಅದೇ ದಾರಿಯಾದಾಗ, ಆಗಿಹೋದ ಕೆಲಸದ ಬಗ್ಗೆ ಯಾವ ಇಲಾಖೆಯ ಅಧಿಕಾರಿ ಎದುರು ಅಭಿಪ್ರಾಯ ಬರೆದಾನು? ಆ ಕೈಬರಹದ ನಕ್ಷೆಯಂಥದ್ದು ಇಂಥ ಕಡತದಲ್ಲಿ ಬರುವುದೇ ಇಲ್ಲ. ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ಸಭೆಯ ದಿನವೇ ಹೆಚ್ಚುವರಿಯಾಗಿ ತರುವುದೂ ಇದೇ ಜಾತಿಯ ರೋಗ. ಟಿಪ್ಪಣಿಯನ್ನು ಸಭೆಯ ಮೇಜಿನ ಮೇಲೆಯೇ ಮೊದಲ ಬಾರಿಗೆ ನೋಡುವ ಮಂತ್ರಿ ಅದಕ್ಕೆ ಹೊಣೆಗಾರನೂ ಆಗಬೇಕೆನ್ನುವುದು ಅನ್ಯಾಯ. ಆದರೂ ಅವರು ಹೊಣೆಗಾರರೇ.

ಇನ್ನೊಂದು ಮಾತನ್ನು ನಮ್ಮ ರಾಜ್ಯದಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. 2008ರಿಂದೀಚೆಗೆ ರಾಜ್ಯದ ಆಯವ್ಯಯವನ್ನು ಮುಖ್ಯಮಂತ್ರಿಗಳೇ ಮಂಡಿಸುತ್ತ ಬಂದಿದ್ದಾರೆ, ಪಕ್ಷ ಯಾವುದೇ ಇರಲಿ. ಹಣಕಾಸನ್ನು ಬಲ್ಲ ಮುಖ್ಯಮಂತ್ರಿಗಳು ನಮಗೆ ಸಿಕ್ಕಿದ್ದಾರೆ ಎಂಬುದು ನಿಜ. ಆದರೆ ಪ್ರತ್ಯೇಕ ಹಣಕಾಸು ಸಚಿವರಿದ್ದರೆ ಖರ್ಚು ಮಾಡಬೇಕೆನ್ನುವವರಿಗೂ ಖಜಾನೆ ಕಾಯುವವರಿಗೂ ನಡುವೆ ಸಂಪುಟದಲ್ಲಿ ಒಂದು ವಾದ ನಡೆಯುತ್ತದೆ, ಆ ವಾದದಲ್ಲಿ ಮುಖ್ಯಮಂತ್ರಿಗಳು ತೀರ್ಪು ಹೇಳುವ ಹಿರಿಯರಾಗಿ ಉಳಿಯುತ್ತಾರೆ. ಇಬ್ಬರೂ ಒಬ್ಬರೇ ಆದಾಗ ಆರ್ಥಿಕ ಇಲಾಖೆಯ ಆಕ್ಷೇಪಣೆಯೇ ಮುಖ್ಯಮಂತ್ರಿಯ ಆಕ್ಷೇಪಣೆಯಾಗುತ್ತದೆ, ಅದರ ಸಹಮತಿಯೇ ಅವರ ಅಪ್ಪಣೆಯಾಗುತ್ತದೆ. ಉಳಿದ ಮಂತ್ರಿ ಯಾರ ಬಳಿ ಮೇಲ್ಮನವಿ ಹೋಗಬೇಕು?

ಇನ್ನು ಶೇ. 15ರ ಕಟ್ಟನ್ನು ದಾಟಲು ಸಂಸದೀಯ ಕಾರ್ಯದರ್ಶಿ ಎಂಬ ಹುದ್ದೆಗಳನ್ನು ಹುಟ್ಟುಹಾಕಿದ ಅಸ್ಸಾಮಿನ ಕಾನೂನನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದುಪಡಿಸಿತು. ಆದರೂ ಸಂಪುಟ ದರ್ಜೆಯ ಸ್ಥಾನಮಾನವುಳ್ಳ ಸಲಹೆಗಾರರು, ನಿಗಮ ಮಂಡಳಿಗಳ ಅಧ್ಯಕ್ಷರು ನಮ್ಮಲ್ಲಿ ಇದ್ದೇ ಇದ್ದಾರೆ. ದರ್ಜೆ ಸಂಪುಟದ್ದು, ಕಾರು ಸಂಪುಟದ್ದು. ಆದರೆ ಸಲಹೆಗಾರನಾಗಿ ಕೊಟ್ಟ ಸಲಹೆಗೆ ಸದನದಲ್ಲಿ ಉತ್ತರ ಕೊಡುವ ಹೊಣೆ ಮಾತ್ರ ಅವರಿಗಿಲ್ಲ.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಕನಿಷ್ಠ ಹನ್ನೆರಡು ಮಂದಿಯ ಮಂತ್ರಿಮಂಡಲ ಇಂತಿಷ್ಟು ದಿನದೊಳಗೆ ಆಗಬೇಕೆಂದು 164ನೇ ವಿಧಿಯಲ್ಲಿ ಸೇರಬೇಕು. ನನ್ನನ್ನು ಕೇಳಿದರೆ ಏಳು ದಿನ ಸಾಕು. ಅದು ಸಂಸತ್ತಿನ ಕೆಲಸ, ತಡವಾದೀತು. ಆದರೆ ಸಂಪುಟ ಟಿಪ್ಪಣಿ ಸಭೆಗೆ ಎಷ್ಟು ದಿನ ಮೊದಲು ಎಲ್ಲ ಸಚಿವರ ಕೈಸೇರಿರಬೇಕು, ಅಷ್ಟರೊಳಗೆ ಸೇರದ ವಿಷಯವನ್ನು ತುರ್ತಿನ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸದೆ ಎತ್ತಿಕೊಳ್ಳುವಂತಿಲ್ಲ, ಘಟನೋತ್ತರ ಅನುಮೋದನೆ ಪಡೆದ ಪ್ರತಿಯೊಂದು ಆದೇಶದ ಪಟ್ಟಿಯನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಬೇಕು ಎಂಬಿವೆಲ್ಲ ಕರ್ನಾಟಕ ಸರ್ಕಾರದ ಕಾರ್ಯಕಲಾಪಗಳ ನಿರ್ವಹಣಾ ನಿಯಮಗಳು, 1977 ಇವುಗಳಲ್ಲಿ ಖಡಾಖಂಡಿತವಾಗಿ ಸೇರಬಹುದಾದ ಮಾತುಗಳು. 166ನೇ ವಿಧಿಯ ಮೂರನೆಯ ಖಂಡದಡಿ ರಚಿತವಾದ ಆ ನಿಯಮಗಳ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕಿಲ್ಲ, ವಿಧೇಯಕವೂ ಬೇಕಿಲ್ಲ. ಮುಂದಿನ ಸಂಪುಟ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಬಂದು, ಚರ್ಚೆಯಾಗಿ, ರಾಜ್ಯಪಾಲರ ಹೆಸರಿನಲ್ಲಿ ಒಂದು ಅಧಿಸೂಚನೆ ಹೊರಟರೆ ಸಾಕು. ಅದರ ಕರಡನ್ನು ಬರೆಯಬಲ್ಲ ಕೈಗಳು ಸಚಿವಾಲಯದ ಶಾಖೆಗಳಲ್ಲಿ ಈಗಲೂ ಇವೆ.